ನೋಡದೆ ತಂಬೂರಿ ಕೊಳ್ಳುವ ಮುನ್ನ

ಧಾರವಾಡ ಸೀಮೆಯ ಕುಂದಗೋಳ, ಅಣ್ಣಿಗೇರಿ, ನವಲಗುಂದ, ಕಲಘಟಗಿಯ ಹಳ್ಳಿಗಳಲ್ಲಿ ಹಿಂದುಸ್ತಾನಿ ಗಾಯನ ಕಲಿಯುವವರಿಗೆ ಬೇಕಾದ ತಂಬೂರಿ ಊರ ಸಂತೆಯಲ್ಲಿ ಸಿಗುವ ವಸ್ತುವಲ್ಲ. ಈ ಭಾಗಕ್ಕೆ ಹೆಸರಾಂತ ತಯಾರಿಕೆಯ ಊರೆಂದರೆ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮಿರಜ. ಹಿಂದೆ ಗುರುಗಳೋ ಹಿರಿಯ ಕಲಾವಿದರೋ ಅಲ್ಲಿಗೆ ಹೋಗಿ, ನುಡಿಸಿ ನೋಡಿ ತರುತ್ತಿದ್ದರು. ಈಗ ಮೊಬೈಲಿಗೆ ನಾಲ್ಕು ಫೋಟೊ, ಒಂದು ವಿಡಿಯೊ ಬರುತ್ತದೆ. ಬೆಲೆ ಕುದುರಿದರೆ ವಾದ್ಯ ಪಾರ್ಸಲ್ ಆಗಿ ಮನೆಗೆ ಬರುತ್ತದೆ.

ಮಿರಜದ ಈ ಕಸುಬು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದ್ದು. ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದ ಫರೀದಸಾಹೇಬರು ಅಲ್ಲಿ ತಂತಿವಾದ್ಯಗಳ ತಯಾರಿಕೆಗೆ ಬುನಾದಿ ಹಾಕಿದರೆಂದು ಹೇಳುತ್ತಾರೆ. ಮಿರಜದ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಧಾರವಾಡ ಸೀಮೆಗೂ ಮಿರಜಕ್ಕೂ ಇರುವ ನಂಟು ವ್ಯಾಪಾರದ್ದಷ್ಟೇ ಅಲ್ಲ. ಕಿರಾನಾ ಘರಾನೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು (1872–1937) ಮಿರಜದಲ್ಲಿ ನೆಲೆಸಿದ್ದರು. ಅವರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರು (1886–1952) ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿಯವರಿಗೆ ಗುರುಗಳಾದರು.

ನೋಡದೆ ಕೊಳ್ಳುವುದರಲ್ಲಿ ಎಲ್ಲ ವಾದ್ಯಗಳ ಪಾಡೂ ಒಂದೇ ಅಲ್ಲ. ಎಲೆಕ್ಟ್ರಿಕ್ ಗಿಟಾರಿನ ಮೈ ಸಾಮಾನ್ಯವಾಗಿ ಗಟ್ಟಿ ಮರದ್ದು. ತಂತಿಯ ಕಂಪನವನ್ನು ಕೆಳಗಿರುವ ಪಿಕಪ್ ಹಿಡಿದು ಆಂಪ್ಲಿಫೈಯರಿಗೆ ಕಳಿಸುತ್ತದೆ. ಹೀಗಾಗಿ ಒಂದೇ ಕಾರ್ಖಾನೆಯ ಒಂದೇ ಮಾದರಿಯ ಎರಡು ಗಿಟಾರುಗಳ ನಾದ ಹೆಚ್ಚುಕಡಿಮೆ ಹತ್ತಿರವಿರುತ್ತದೆ, ಮಾದರಿಯ ಹೆಸರೇ ಅರ್ಧ ಖಾತರಿ ಕೊಡುತ್ತದೆ. ತಂಬೂರಿಗೆ ಆ ಅನುಕೂಲವಿಲ್ಲ. ಅದರ ಬುರುಡೆ ಹೊಲದಲ್ಲಿ ಬೆಳೆದು ಒಣಗಿದ ಕಾಯಿ. ಒಂದರ ಆಕಾರ, ದಪ್ಪ ಇನ್ನೊಂದಕ್ಕಿಲ್ಲ. ಒಬ್ಬನೇ ಕುಶಲಕರ್ಮಿ ಮಾಡಿದ ಎರಡು ತಂಬೂರಿಗಳೂ ಬೇರೆಬೇರೆಯಾಗಿ ನುಡಿಯುತ್ತವೆ. ಆದ್ದರಿಂದ ತಯಾರಕರ ಹೆಸರು ಕೇಳಿದರೆ ಸಾಲದು, ಕೊಳ್ಳಬೇಕೆಂದಿರುವ ಆ ವಾದ್ಯವನ್ನೇ ಪರೀಕ್ಷಿಸಬೇಕು.

ಮೊದಲು ತೀರ್ಮಾನವಾಗಬೇಕಾದದ್ದು ಶ್ರುತಿ. ಗಂಡಸರ ತಂಬೂರಿ ದೊಡ್ಡದು, ಸುಮಾರು ಐದು ಅಡಿ ಉದ್ದ. ಹಾರ್ಮೋನಿಯಂನ ಕರಿ ಒಂದು, ಕರಿ ಎರಡರ ಆಸುಪಾಸಿನ ಷಡ್ಜಕ್ಕೆ ಅದು ಹೊಂದುತ್ತದೆ. ಕರಿ ನಾಲ್ಕು, ಕರಿ ಐದರ ಹೆಣ್ಣುದನಿಗೆ ಸುಮಾರು ನಾಲ್ಕಡಿಯ ತಂಬೂರಿ ಬೇಕು. ದೊಡ್ಡ ವಾದ್ಯವನ್ನು ತೀರ ಏರಿಸಿದರೆ ತಂತಿ ಹರಿಯುತ್ತದೆ, ಚಿಕ್ಕದನ್ನು ತೀರ ಇಳಿಸಿದರೆ ತಂತಿ ಸಡಿಲಾಗಿ ನಾದ ಕಳೆಗುಂದುತ್ತದೆ. ಹೆಂಗಸರದು, ಗಂಡಸರದು ಎಂಬ ಅಂಗಡಿಯ ಹೆಸರನ್ನೇ ನೆಚ್ಚಬಾರದು. ಗಂಗೂಬಾಯಿಯವರಂಥ ಗಡಸು, ತಗ್ಗು ದನಿಯ ಗಾಯಕಿಯರೂ ಇರುತ್ತಾರೆ. ಗುರುಗಳಿಂದ ಶ್ರುತಿ ಗೊತ್ತುಮಾಡಿಕೊಂಡು, ಮಾರುವವರಿಗೆ ಅದೇ ಶ್ರುತಿಯನ್ನು ಹೇಳಬೇಕು.

ಎರಡನೆಯದು ಮೈಕಟ್ಟು. ಬುರುಡೆಯ ಬಿರುಕು, ಉದ್ದನೆಯ ಕತ್ತಾದ ದಂಡಿಯ ಬಾಗು, ತಂತಿಗಳನ್ನು ಹೊರುವ ಕುದುರೆ ಕೂರುವ ತಬಲಿಯ ಕುಸಿತ ಈ ಮೂರು ದೊಡ್ಡ ದೋಷಗಳು. ಪಾಲಿಶ್ ಹೊಳಪಿನಲ್ಲಿ ಬಿರುಕು ಮರೆಯಾಗುವುದರಿಂದ, ಬುರುಡೆಯ ಸುತ್ತಲೂ ಓರೆ ಬೆಳಕಿನಲ್ಲಿ ತೆಗೆದ ಚಿತ್ರ ಕೇಳಬೇಕು. ದಂಡಿಯೂ ಬುರುಡೆಯೂ ಕೂಡುವ ಜಾಗವನ್ನು ಹತ್ತಿರದಿಂದ ನೋಡಬೇಕು. ಬಿಗಿದ ತಂತಿ ನೇರ ಗೆರೆಯಂತಿರುವುದರಿಂದ, ಪಕ್ಕದಿಂದ ತೆಗೆದ ಚಿತ್ರದಲ್ಲಿ ತಂತಿಗೆ ಹೋಲಿಸಿದರೆ ದಂಡಿಯ ಬಾಗು ಗೊತ್ತಾಗುತ್ತದೆ. ಹೂಬಳ್ಳಿಯ ಕೆತ್ತನೆ ಬೆಲೆ ಏರಿಸುತ್ತದೆಯೇ ಹೊರತು ನಾದ ಏರಿಸುವುದಿಲ್ಲ.

ಮೂರನೆಯದು ನಾದ. ತಂಬೂರಿಯ ಝೇಂಕಾರದ ಗುಟ್ಟು ಅಗಲವಾದ ಕುದುರೆಯಲ್ಲಿದೆ. ಅದರ ಮೇಲ್ಮೈ ಚಪ್ಪಟೆಯಲ್ಲ, ನವಿರಾಗಿ ಇಳಿಜಾರು. ಮೀಟಿದ ತಂತಿ ಆ ಇಳಿಜಾರನ್ನು ಮತ್ತೆ ಮತ್ತೆ ತಾಕುತ್ತ ಕಂಪಿಸುವುದರಿಂದ ಮೂಲ ಸ್ವರದ ಜೊತೆ ಅನೇಕ ಉಪಸ್ವರಗಳು ಏಳುತ್ತವೆ. ಮೀಟುವ ಜಾಗದಿಂದಾಗಿ ಹುಟ್ಟಬಾರದೆಂದು ನಿಯಮ ಹೇಳುವ ಉಪಸ್ವರಗಳೂ ತಂಬೂರಿಯಲ್ಲಿ ಕೇಳಿಸುತ್ತವೆ ಎಂಬುದನ್ನು ಸಿ.ವಿ. ರಾಮನ್ 1921ರಲ್ಲೇ ಬರೆದಿದ್ದರು. ಈ ಇಳಿಜಾರನ್ನು ಹದಗೊಳಿಸುವುದೇ ಜವಾರಿ. ತಂತಿ ಮತ್ತು ಕುದುರೆಯ ನಡುವೆ ಸರಿಸುವ ನೂಲು, ಅಂದರೆ ಜೀವಾಳ, ಝೇಂಕಾರವನ್ನು ಅರಳಿಸುತ್ತದೆ.

ಫೋನಿನಲ್ಲಿ ಇದನ್ನು ಕೇಳುವುದಕ್ಕೆ ಮಿತಿಯಿದೆ. ಚಿಕ್ಕ ಸ್ಪೀಕರಿನಲ್ಲಿ ಖರ್ಜದ, ಅಂದರೆ ತಗ್ಗು ಷಡ್ಜದ, ತಂತಿ ಪೂರ್ತಿ ಕೇಳುವುದಿಲ್ಲ, ಕರೆಯಲ್ಲಿ ಉಪಸ್ವರಗಳು ಸೋರಿಹೋಗುತ್ತವೆ. ಹಾಗಾಗಿ ವಿಡಿಯೊವನ್ನು ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ರೂಪದಲ್ಲಿ ತರಿಸಿಕೊಂಡು ಒಳ್ಳೆಯ ಇಯರ್‌ಫೋನಿನಲ್ಲಿ ಕೇಳಬೇಕು. ಅದರಲ್ಲಿ ನಾಲ್ಕು ತಂತಿಗಳನ್ನು ಒಂದೊಂದಾಗಿ ಮೀಟಿ ನಾದ ಆರುವವರೆಗೆ ಬಿಟ್ಟಿರಬೇಕು. ಆಮೇಲೆ ಪಂಚಮ, ಜೋಡಿ ಷಡ್ಜ, ಖರ್ಜವನ್ನು ಕೂಡಿಸಿ ನುಡಿಸಿರಬೇಕು. ಹಿನ್ನೆಲೆಗೆ ಬೇರೆ ಶ್ರುತಿ ಇರಬಾರದು. ಶ್ರುತಿಗೊಳಿಸಿದ ವಾದ್ಯವನ್ನು ಮುಟ್ಟದೆ ಕಾಲು ಗಂಟೆ ಬಿಟ್ಟು ಮತ್ತೆ ನುಡಿಸಿ ತೋರಿಸಿದರೆ ತಂತಿ ಬಿಗಿಯುವ ಬಿರಡೆಗಳು ಜಾರುತ್ತವೆಯೇ ಎಂಬುದೂ ತಿಳಿಯುತ್ತದೆ.

ಇಲ್ಲಿ ನೆನಪಿಡಬೇಕಾದ ಅಂಶವೊಂದಿದೆ. ಕೇಳಲು ಇಂಪಿಲ್ಲದ ತಂಬೂರಿಯೆಲ್ಲ ಕೆಟ್ಟ ತಂಬೂರಿಯಲ್ಲ. ಸವೆದ ಜವಾರಿಯನ್ನು ಬಲ್ಲವರು ಅರ ಹಿಡಿದು ಮತ್ತೆ ಹದಗೊಳಿಸುತ್ತಾರೆ. ತುಕ್ಕು ಹಿಡಿದ ತಂತಿಯನ್ನು ಬದಲಿಸಬಹುದು, ಜಾರುವ ಬಿರಡೆಯನ್ನು ಕೂಡಿಸಬಹುದು. ಆದರೆ ಬಾಗಿದ ದಂಡಿ, ಕುಸಿದ ತಬಲಿ, ಸೀಳಿದ ಬುರುಡೆಗೆ ಮಾಡುವ ದುರಸ್ತಿ ದುಬಾರಿ. ಮಾಡಿಸಿದರೂ ಹಳೆಯ ನಾದ ಬರುತ್ತದೆಂಬ ಭರವಸೆಯಿಲ್ಲ. ಮೊದಲ ಬಗೆಯ ದೋಷಕ್ಕೆ ಬೆಲೆ ಇಳಿಸಿ ಕೇಳಬಹುದು. ಎರಡನೆಯ ಬಗೆಯದಿದ್ದರೆ ಎಷ್ಟು ಅಗ್ಗವಾದರೂ ಬೇಡವೆನ್ನಬೇಕು.

ಊರಿನ ಹವೆಯೂ ಲೆಕ್ಕಕ್ಕೆ ಬರುತ್ತದೆ. ಕಲಘಟಗಿ ಅರೆಮಲೆನಾಡು. ಮಳೆಗಾಲದ ತೇವಕ್ಕೆ ಅಲ್ಲಿ ಮರ ಉಬ್ಬಿ ಬಿರಡೆಗಳು ಬಿಗಿಯುತ್ತವೆ. ನವಲಗುಂದದ ಎರೆ ಬಯಲಿನ ಬೇಸಿಗೆಯಲ್ಲಿ ಅದೇ ಮರ ಒಣಗಿ ಬಿರಡೆ ಜಾರುತ್ತದೆ, ಸರಿಯಾಗಿ ಒಣಗದ ಹಸಿ ಮರವಾದರೆ ಬಿರುಕೂ ಬಿಡುತ್ತದೆ. ಮರ ಎಷ್ಟು ಕಾಲ ಒಣಗಿದೆ, ಹಳೆಯ ವಾದ್ಯವಾದರೆ ಯಾವ ಊರಲ್ಲಿತ್ತು, ದುರಸ್ತಿ ಆಗಿದೆಯೇ ಎಂಬ ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಪಡೆಯಬೇಕು.

ಸಾಗಣೆ ಇನ್ನೊಂದು ಗಂಡಾಂತರ. ಎಷ್ಟೇ ಗಟ್ಟಿಯಾದ ಬುರುಡೆಯೂ ಒಂದೇ ಏಟಿಗೆ ಒಡೆಯಬಹುದು. ತಂತಿಗಳನ್ನು ಸಡಿಲಿಸಿ, ಕುದುರೆಯ ಸುತ್ತ ಮೆತ್ತೆ ಕೊಟ್ಟು, ಗಟ್ಟಿ ಪೆಟ್ಟಿಗೆಯಲ್ಲಿ ಕಳಿಸಲು ಒಪ್ಪಿಸಬೇಕು. ದಾರಿಯಲ್ಲಿ ಒಡೆದರೆ ನಷ್ಟ ಯಾರದೆಂದು ಹಣ ಕೊಡುವ ಮೊದಲೇ ಗೊತ್ತಾಗಿರಬೇಕು. ಪಾರ್ಸಲ್ ಬಿಚ್ಚುವಾಗ ಮೊದಲಿಂದ ಕೊನೆಯವರೆಗೆ ವಿಡಿಯೊ ಮಾಡಿಕೊಳ್ಳುವುದು ಒಳ್ಳೆಯದು.

ಮೋಸವಾದರೆ ಕಾನೂನಿನ ಆಸರೆಯಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೊಂಡವರು ತಾವು ವಾಸವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು, ಮಿರಜಕ್ಕೆ ಅಲೆಯಬೇಕಿಲ್ಲ. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ದೂರಿನ ಶುಲ್ಕವೂ ಇಲ್ಲ. ಆದರೆ ಈ ರಕ್ಷಣೆ ವ್ಯಾಪಾರಿಯಿಂದ ಕೊಂಡಾಗ ಮಾತ್ರ. ಯಾರೋ ತಮ್ಮ ಮನೆಯ ಹಳೆ ತಂಬೂರಿ ಮಾರಿದರೆ ಅದು ಗ್ರಾಹಕ ವ್ಯಾಜ್ಯವಾಗುವುದಿಲ್ಲ. ಬಿಲ್ಲಿಲ್ಲದ ಖರೀದಿಯಲ್ಲಿ ಎಚ್ಚರ ಇಮ್ಮಡಿಯಾಗಬೇಕು.

ಕಲಿಕೆಯ ಮೊದಲ ವರ್ಷಗಳಿಗೆ ಎಲೆಕ್ಟ್ರಾನಿಕ್ ತಂಬೂರಿಯೋ ಮೊಬೈಲ್ ಆ್ಯಪೋ ಸಾಕಾಗುವುದರಿಂದ ಅವಸರಪಡುವ ಕಾರಣವಿಲ್ಲ. ಮಿರಜಕ್ಕೆ ಹೋಗಿಬರುವುದೂ ಕಷ್ಟವಲ್ಲ. ಕುಂದಗೋಳ, ಅಣ್ಣಿಗೇರಿ ಎರಡಕ್ಕೂ ರೈಲು ನಿಲ್ದಾಣವಿದೆ. ಹುಬ್ಬಳ್ಳಿಯಲ್ಲಿ ಗಾಡಿ ಬದಲಿಸಿದರೆ ಬೆಳಗಾವಿ ಮಾರ್ಗವಾಗಿ ಮಿರಜ ತಲುಪಬಹುದು. ಆ ಪ್ರಯಾಣದ ಖರ್ಚು ತಂಬೂರಿಯ ಬೆಲೆಯ ಮುಂದೆ ಅಲ್ಪ. ಶ್ರುತಿ ಹೊಂದಿ, ಮೈಕಟ್ಟಿನ ಚಿತ್ರಗಳು ಸ್ವಚ್ಛವಿದ್ದು, ವಾಪಸಾತಿಯ ಮಾತು ಬರಹದಲ್ಲಿದ್ದರೆ ನೋಡದೆ ಕೊಳ್ಳಬಹುದು. ಈ ಮೂರರಲ್ಲಿ ಒಂದು ತಪ್ಪಿದರೂ ಗುರುಗಳನ್ನೋ ಬಲ್ಲವರನ್ನೋ ಜೊತೆಗೆ ಕರೆದುಕೊಂಡು ಮಿರಜಕ್ಕೆ ಹೋಗಿ ನುಡಿಸಿ ನೋಡಿ ತರುವುದೇ ಲೇಸು.