ತಾರಸಿಯ ವಿದ್ಯುತ್ತು ಮತ್ತು ಕೊಟ್ಟ ಮಾತು

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಅಂದಿನಿಂದ ಒಂದು ಶತಮಾನಕ್ಕೂ ಮಿಕ್ಕ ಕಾಲ ವಿದ್ಯುಚ್ಛಕ್ತಿಯು ಒಂದೇ ದಿಕ್ಕಿನಲ್ಲಿ ಹರಿಯಿತು: ಮಾರುವವರು ಅಧಿಕಾರಿಗಳು, ಕೊಳ್ಳುವವರು ಪ್ರಜೆಗಳು. ಈ ಸಂಬಂಧವನ್ನು ತಿರುಗಿಸಿದ್ದು ತಾರಸಿಯ ಮೇಲಣ ಸೌರಫಲಕ.

ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು 2013ರ ಅಕ್ಟೋಬರಿನಲ್ಲಿ, ಸಹಾಯಧನ ಪಡೆಯದ ತಾರಸಿ ಸ್ಥಾವರಗಳ ವಿದ್ಯುತ್ತಿಗೆ ಯೂನಿಟ್ಟೊಂದಕ್ಕೆ 9 ರೂಪಾಯಿ 56 ಪೈಸೆಯನ್ನೂ, ಪಡೆದವಕ್ಕೆ 7 ರೂಪಾಯಿ 20 ಪೈಸೆಯನ್ನೂ ಗೊತ್ತುಪಡಿಸಿತು. ಒಪ್ಪಂದದ ಅವಧಿ 25 ವರ್ಷ. ಫಲಕಗಳ ಬೆಲೆ ಇಳಿದಂತೆ ಹೊಸಬರಿಗೆ ದರವೂ ಇಳಿಯಿತು. ಅದು ನ್ಯಾಯವೇ ಸರಿ. ಆದರೆ ಹಿಂದಿನ ದರವನ್ನು ನಂಬಿ ಸಾಲಮಾಡಿ ಫಲಕ ಹೂಡಿದವನ ಒಪ್ಪಂದವು ಅವಧಿ ತೀರುವವರೆಗೂ ಅಲುಗಾಡಕೂಡದು. ಕಾಲು ಶತಮಾನದ ಮಾತನ್ನು ಕೊಟ್ಟವರು ಕಾಲು ಶತಮಾನವೂ ನಡೆಸತಕ್ಕದ್ದು.

ಯೋಜನೆಯ ಯಶಸ್ಸು ದರದಲ್ಲಿ ಮಾತ್ರವಲ್ಲ, ಕಚೇರಿಯ ಮೇಜಿನ ಮೇಲೆಯೂ ನಿರ್ಣಯವಾಗುತ್ತದೆ. ಅರ್ಜಿಯ ಪರಿಶೀಲನೆ, ಟ್ರಾನ್ಸ್‌ಫಾರ್ಮರಿನ ಸಾಮರ್ಥ್ಯದ ಲೆಕ್ಕ, ಎರಡು ದಿಕ್ಕಿನಲ್ಲಿಯೂ ಅಳೆಯುವ ಮೀಟರು, ಸುರಕ್ಷತೆಯ ತಪಾಸಣೆ, ತಿಂಗಳ ಬಿಲ್ಲು—ಇವುಗಳಲ್ಲಿ ಒಂದು ತಡೆದರೂ ಬಿಸಿಲು ವ್ಯರ್ಥವಾಗುತ್ತದೆ. ಕೇಂದ್ರ ಸರ್ಕಾರವು 2024ರ ಫೆಬ್ರವರಿಯಲ್ಲಿ ಗ್ರಾಹಕರ ಹಕ್ಕುಗಳ ನಿಯಮಗಳನ್ನು ತಿದ್ದಿ, 10 ಕಿಲೋವಾಟಿನವರೆಗಿನ ಸ್ಥಾವರಗಳಿಗೆ ತಾಂತ್ರಿಕ ಸಾಧ್ಯತೆಯ ಪರಿಶೀಲನೆಯೇ ಬೇಡವೆಂದಿತು. ಅದೇ ತಿಂಗಳು ಆರಂಭವಾದ ಸೂರ್ಯಘರ್ ಯೋಜನೆಯು 3 ಕಿಲೋವಾಟಿನ ಮನೆಗೆ 78,000 ರೂಪಾಯಿ ಸಹಾಯಧನವನ್ನು ಇತ್ತಿತು. ನಿಯಮ ಸರಳವಾದ ಮೇಲೆ ಕೆಳಗಿನ ಕಚೇರಿಯು ಕಠಿನವಾಗಿ ಉಳಿಯಲು ಕಾರಣವೇನು?

ಇನ್ನೊಂದು ವಿಷಯವನ್ನು ಅಧಿಕಾರಿಗಳು ಮೊದಲೇ ತಿಳಿಸಬೇಕು. ಬ್ಯಾಟರಿಯಿಲ್ಲದ ಸ್ಥಾವರವು ಬೀದಿಯಲ್ಲಿ ವಿದ್ಯುತ್ತು ಹೋದೊಡನೆ ತಾನೂ ನಿಲ್ಲುತ್ತದೆ. ತಂತಿ ದುರಸ್ತಿಮಾಡುವ ಲೈನ್‌ಮನ್ನರ ಪ್ರಾಣರಕ್ಷಣೆಗಾಗಿ ಈ ಏರ್ಪಾಡು. ಇದನ್ನರಿಯದ ಗ್ರಾಹಕನು ತಾನು ವಂಚಿತನಾದೆನೆಂದು ಭಾವಿಸಿದರೆ ಆಶ್ಚರ್ಯವಿಲ್ಲ.

ಕಂಪೆನಿಗಳ ಪಕ್ಷವನ್ನೂ ನಾವು ಮರೆಯಲಾರೆವು. ಹಗಲಿನಲ್ಲಿ ವಿದ್ಯುತ್ತು ಕೊಡುವ ಮನೆಯು ಸಂಜೆ, ಎಲ್ಲರೂ ಕೇಳುವ ಹೊತ್ತಿನಲ್ಲಿಯೇ, ಮರಳಿ ಕೇಳುತ್ತದೆ. ಹೆಚ್ಚು ಹಣ ತೆರುವ ಗ್ರಾಹಕರ ಬಿಲ್ಲು ಕುಗ್ಗಿದರೂ ಕಂಬ-ತಂತಿಗಳ ಖರ್ಚು ಕುಗ್ಗುವುದಿಲ್ಲ. ಆ ಹೊರೆಯು ತಾರಸಿಯೇ ಇಲ್ಲದ ಬಾಡಿಗೆದಾರನ ತಲೆಗೆ ಬೀಳಬಾರದು. ಆದರೆ ಈ ತಕರಾರನ್ನು ಆಯೋಗದ ಬಹಿರಂಗ ವಿಚಾರಣೆಯಲ್ಲಿ ಲೆಕ್ಕಸಹಿತ ಮಂಡಿಸತಕ್ಕದ್ದು. ಮೀಟರನ್ನು ತಡಮಾಡಿ, ಹಣವನ್ನು ಹಿಡಿದಿಟ್ಟು ಸಾಧಿಸತಕ್ಕದ್ದಲ್ಲ.

ಗ್ರಾಹಕನು ಬಿಲ್ಲನ್ನು ತಡವಾಗಿ ಕಟ್ಟಿದರೆ ಬಡ್ಡಿ ತೆರುತ್ತಾನೆ. ಅವನಿಗೆ ಸಲ್ಲಬೇಕಾದ ಹಣವು ತಡವಾದಾಗಲೂ ಅದೇ ನ್ಯಾಯ ನಡೆಯಲಿ. ಪ್ರತಿಯೊಂದು ಉಪವಿಭಾಗವೂ ಬಂದ ಅರ್ಜಿಗಳೆಷ್ಟು, ಜೋಡಿಸಿದ ಮೀಟರುಗಳೆಷ್ಟು, ಬಾಕಿ ಹಣವೆಷ್ಟು ಎಂಬುದನ್ನು ತಿಂಗಳಿಗೊಮ್ಮೆ ಪ್ರಕಟಿಸಲಿ. ಪ್ರಜೆಯನ್ನು ಉತ್ಪಾದಕನೆಂದು ಕರೆದಮೇಲೆ ಅವನನ್ನು ಅರ್ಜಿದಾರನಂತೆ ಬಾಗಿಲಲ್ಲಿ ನಿಲ್ಲಿಸುವುದು ಸ್ವಾವಲಂಬನೆಯ ಮಾತಿಗೆ ಶೋಭೆಯಲ್ಲ.