‘ಬತ್’ ಅಂದ್ರ ಏನು?

ನಮ್ಮ ಮನೆಯಲ್ಲಿ ಎರಡೂವರೆ ವರ್ಷದ ಒಬ್ಬ ಮಹಾನುಭಾವ ಇದ್ದಾನೆ. ಅಕ್ಕನ ಮಗ. ಹೆಸರು ಬೇರೆ ಇದ್ದರೂ ಎಲ್ಲರೂ ಕರೆಯುವುದು ಚಿನ್ನು ಅಂತ. ಅವನು ಆಡುವುದು ಒಂದು ಮಾತು, ನಾವು ಹಚ್ಚುವುದು ನಾಲ್ಕು ಅರ್ಥ.

ಅಕ್ಕನನ್ನು ಲಿಂಗಸುಗೂರಿಗೆ ಕೊಟ್ಟಿದೆ. ಭಾವನದು ಅಲ್ಲೊಂದು ಗೊಬ್ಬರದ ಅಂಗಡಿ. ಬಿ.ಇಡಿ ಮುಗಿಸಿ ಮೂಲೆಗಿಟ್ಟಿದ್ದ ಪುಸ್ತಕಗಳನ್ನು ಮತ್ತೆ ತೆಗೆದ ಅಕ್ಕ, ಶಿಕ್ಷಕರ ನೇಮಕಾತಿ ಪರೀಕ್ಷೆಗೆ ಓದಲು ನಾಲ್ಕು ತಿಂಗಳ ಮಟ್ಟಿಗೆ ಧಾರವಾಡದ ಕೋಚಿಂಗ್‌ಗೆ ಹೋದಳು. ಚಿನ್ನು ಸಿಂಧನೂರಿನ ನಮ್ಮ ಮನೆ ಸೇರಿದ. ಅಕ್ಕನನ್ನು ಬಿಟ್ಟುಬರಲು ಹೋದಾಗ ಅವನು ನನ್ನ ಹೆಗಲ ಮೇಲಿದ್ದ. ಅಳಲಿಲ್ಲ, ಚೆಂದಾಗಿ ಟಾಟಾ ಮಾಡಿದ. ‘ಕೂಸು ಭಾಳ ಶಾಣ್ಯಾ ಐತಿ’ ಅಂದರು ಎಲ್ಲರೂ.

‘ಅಮ್ಮ’ ಆದಮೇಲೆ ಅವನು ಕಲಿತ ಎರಡನೇ ಮಾತು ‘ಮಾಮ’. ಅಪ್ಪನನ್ನೂ ಅಜ್ಜನನ್ನೂ ಹಿಂದಿಕ್ಕಿದೆನೆಂದು ನಾನು ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕಿ ಮೆರೆದಿದ್ದೆ. ಆಮೇಲೆ ಎಲ್ಲೋ ಓದಿದಾಗ ಗಾಳಿ ಇಳಿಯಿತು. ಎರಡು ತುಟಿ ಕೂಡಿಸಿ ಬಿಟ್ಟರೆ ಸಾಕು, ಮ, ಪ, ಬ ಬಂದುಬಿಡುತ್ತವಂತೆ. ಅದಕ್ಕೇ ಜಗತ್ತಿನ ಎಷ್ಟೋ ಭಾಷೆಗಳಲ್ಲಿ ತಾಯಿ-ತಂದೆಯರ ಹೆಸರು ಈ ಅಕ್ಷರಗಳಲ್ಲೇ ಇವೆ. ರ, ಸ, ಳ ಹೊರಡಿಸಲು ನಾಲಿಗೆ ಸರ್ಕಸ್ ಮಾಡಬೇಕು, ಅವು ತಡವಾಗಿ ಬರುತ್ತವೆ. ಅಂದರೆ ನನ್ನ ಮೇಲೆ ಚಿನ್ನುಗೆ ಪ್ರೀತಿ ಉಕ್ಕಿದ್ದಲ್ಲ, ನಾನು ಸಿಲೆಬಸ್ಸಿನ ಸುಲಭದ ಚಾಪ್ಟರ್ ಅಷ್ಟೆ!

ರ ಬಾರದ್ದರಿಂದ ಅವನ ಬಾಯಲ್ಲಿ ನೀರು ‘ನೀಲು’ ಆಗಿತ್ತು. ತುಂಗಭದ್ರಾ ಎಡದಂಡೆ ನಾಲೆ ಬಂದಮೇಲೆ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳು ನಮ್ಮ ತಾಲ್ಲೂಕಿನಲ್ಲಿ ಬೇಕಾದಷ್ಟಿವೆ. ಅಂಥದ್ದೇ ಕ್ಯಾಂಪಿನಿಂದ ಬಂದ ಪಕ್ಕದ ಮನೆ ಆಂಟಿ ಇದನ್ನು ‘ನೀಳ್ಳು’ ಎಂದೇ ಕೇಳಿಸಿಕೊಂಡು, ‘ನೋಡ್ರಿ, ನಿಮ್ಮ ಹುಡುಗ ತೆಲುಗು ಮಾತಾಡ್ತಾನ’ ಎಂದು ಹಿಗ್ಗಿದರು. ಅವತ್ತಿನಿಂದ ಅವನಿಗೆ ಆ ಮನೆಯಲ್ಲಿ ದಿನಾ ಒಂದು ಲಡ್ಡು ಗ್ಯಾರಂಟಿ.

ಇಷ್ಟಾದರೂ ನಮ್ಮನ್ನೆಲ್ಲ ಸುಸ್ತು ಮಾಡಿದ್ದು ಮಾತ್ರ ‘ಬತ್’.

ಅಕ್ಕ ಹೋದ ಎರಡನೇ ವಾರದಿಂದ ಬೆಳಿಗ್ಗೆ ಎದ್ದರೆ ಬತ್, ಉಣ್ಣುವಾಗ ಬತ್, ಮಲಗುವಾಗ ಬತ್. ಅಪ್ಪನಿಗೆ ಅನುಮಾನವೇ ಇರಲಿಲ್ಲ. ‘ಭತ್ತ ಅನ್ನಾಕತ್ಯಾನಲೇ! ರೈತನ ಮೊಮ್ಮಗ ಮತ್ತೇನಂತಾನ?’ ಎಂದು ಓಣಿಯೆಲ್ಲ ಹೇಳಿಕೊಂಡು ಬಂದರು. ಆಗ ನಾಲೆಗೆ ನೀರು ಯಾವಾಗ ಬಿಡುತ್ತಾರೋ ಎಂದು ಅವರು ಕಾಯುತ್ತಿದ್ದ ದಿನಗಳು. ಅವ್ವ ಕೇಳಿಸಿಕೊಂಡದ್ದು ಬತ್ತಾಸು. ಜಾತ್ರೆಯಿಂದ ತಂದ ಬೆಂಡು ಬತ್ತಾಸಿನ ಡಬ್ಬಿಯ ಮುಚ್ಚಳ ತೆಗೆದು ಒಂದು ಕೈಗಿಡುತ್ತಿದ್ದಳು. ಅವನು ಬತ್ತಾಸು ಬಾಯಿಗೆ ಹಾಕಿಕೊಂಡು, ಚಪ್ಪರಿಸಿ, ಮತ್ತೆ ‘ಬತ್’ ಅನ್ನುತ್ತಿದ್ದ. ವಿಡಿಯೊ ಕಾಲ್‌ನಲ್ಲಿ ಅಕ್ಕ, ‘ಏನ್ ಬಂತೋ? ಹಾಲ್ ಟಿಕೆಟ್ ಬಂತೇನೋ?’ ಎಂದು ನಗುತ್ತಿದ್ದಳು.

ಸೆಮಿಸ್ಟರ್ ರಜೆಗೆ ಹಾಸ್ಟೆಲ್‌ನಿಂದ ಬಂದಿದ್ದ ನಾನು ಒಮ್ಮೆ ಅವನನ್ನು ಅಣಕಿಸಿ, ‘ಬತ್ ಬೇಕೇನೋ ಬತ್?’ ಎಂದೆ. ಕೆನ್ನೆ ಉಬ್ಬಿಸಿಕೊಂಡು ‘ಬತ್ ಅಲ್ಲ... ಬತ್!’ ಎಂದು ಕೈಯಲ್ಲಿದ್ದ ಚಮಚ ಎಸೆದ. ಇದಕ್ಕೂ ವಿವರಣೆ ಇದೆ. ಇಂಗ್ಲಿಷ್ ಮಾತಾಡುವ ಒಂದು ಮಗು ಫಿಶ್‌ಗೆ ‘ಫಿಸ್’ ಅನ್ನುತ್ತಿತ್ತಂತೆ, ಆದರೆ ದೊಡ್ಡವರು ‘ಫಿಸ್’ ಅಂದರೆ ಒಪ್ಪುತ್ತಿರಲಿಲ್ಲವಂತೆ. ಜೀನ್ ಬರ್ಕೊ ಮತ್ತು ರೋಜರ್ ಬ್ರೌನ್ ಎಂಬ ವಿದ್ವಾಂಸರು 1960ರಲ್ಲೇ ಇದನ್ನು ಬರೆದಿದ್ದಾರೆ. ಮಗುವಿನ ಕಿವಿ ಸರಿಯಾದ ಶಬ್ದವನ್ನೇ ಹಿಡಿದಿರುತ್ತದೆ, ನಾಲಿಗೆ ಮಾತ್ರ ಇನ್ನೂ ತಯಾರಾಗಿರುವುದಿಲ್ಲ. ಹಾಗಾಗಿ ಚಿನ್ನುವಿನ ತಲೆಯಲ್ಲಿ ಸರಿಯಾದ ಒಂದು ಶಬ್ದ ಇತ್ತು. ಅದು ಯಾವುದು ಅನ್ನುವುದಷ್ಟೇ ನಮಗೆ ತಿಳಿಯಲಿಲ್ಲ.

ಒಂದು ಭಾನುವಾರ ಅವನನ್ನು ಭಾವನ ಹತ್ತಿರ ಕರೆದುಕೊಂಡು ಹೊರಟೆ. ಸಿಂಧನೂರು ಬಸ್ ಸ್ಟ್ಯಾಂಡಿಗೆ ಕಾಲಿಟ್ಟದ್ದೇ ತಡ, ಅವನು ನನ್ನ ಕಂಕುಳಿನಿಂದ ಜಾರಿ, ನಿಂತಿದ್ದ ಬಸ್ಸಿನ ಕಡೆ ಬೆರಳು ಮಾಡಿ ಕುಣಿದಾಡಿದ: ‘ಬತ್! ಮಾಮ, ಬತ್! ಅಮ್ಮ ಬತ್!’

ಸ ಬಾರದವನ ಬಸ್ ಅದು. ಅಮ್ಮನನ್ನು ಒಯ್ದ ಬಸ್.

ಬಸ್ಸಿನೊಳಗೆ ಅವನು ಕೂರಲಿಲ್ಲ. ಸೀಟಿನ ಮೇಲೆ ನಿಂತು, ಹಿಂದೆ ಮುಂದೆ ಕೂತ ಹೆಂಗಸರ ಮುಖಗಳನ್ನೆಲ್ಲ ಒಂದೊಂದಾಗಿ ನೋಡಿದ. ಮಸ್ಕಿಯಲ್ಲಿ ಬಸ್ ನಿಂತಾಗ ನನಗೆ ಶಾಲೆಯಿಂದ ಪ್ರವಾಸಕ್ಕೆ ಬಂದು ನೋಡಿದ್ದ ಅಶೋಕನ ಶಾಸನ ನೆನಪಾಯಿತು. ಬೇರೆ ಬೇರೆ ಕಡೆಯ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂದಷ್ಟೇ ಓದಿದ್ದ ವಿದ್ವಾಂಸರಿಗೆ ಆ ದೊರೆ ಅಶೋಕನೇ ಎಂಬುದು ಖಚಿತವಾದದ್ದು 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಆ ಹೆಸರೇ ಸಿಕ್ಕಾಗ. ಎರಡು ಸಾವಿರ ವರ್ಷ ಹಳೆಯ ಕಲ್ಲಿನ ಮಾತನ್ನು ಓದಿದ ಊರಿನ ಮಗ್ಗುಲಲ್ಲೇ ಇದ್ದು, ಎರಡೂವರೆ ವರ್ಷದ ಕೂಸಿನ ಒಂದು ಮಾತನ್ನು ಓದಲು ನಮಗೆ ಆಗಿರಲಿಲ್ಲ. ಲಿಂಗಸುಗೂರಿನಲ್ಲಿ ಅವನು ಇಳಿಯಲೊಲ್ಲ. ಅವನ ಲೆಕ್ಕದಲ್ಲಿ ಬತ್ ಹತ್ತಿದರೆ ಅಮ್ಮ ಸಿಗಬೇಕಿತ್ತು.

ಮನೆಗೆ ಬಂದು ಹೇಳಿದಾಗ ಅಪ್ಪ ಸುಮ್ಮನಾದರು. ಅವ್ವ ಡಬ್ಬಿಯ ಮುಚ್ಚಳ ಹಾಕಿ, ‘ಆಕಿಗೆ ಹೇಳಬ್ಯಾಡ. ಪರೀಕ್ಷಾ ಮುಗಿಯೂದಕ್ಕ ಇನ್ನ ಒಂದೂವರೆ ತಿಂಗಳ ಐತಿ. ಕೇಳಿದ್ರ ಪುಸ್ತಕ ಬಿಟ್ಟು ಓಡಿಬರ್ತಾಳ’ ಅಂದಳು. ನಾನು ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿ. ಸಿಗ್ನಲ್ ಕೆಟ್ಟರೆ ಮೊದಲು ಕಳಿಸುವ ಕಡೆಯನ್ನೇ ಅನುಮಾನಿಸುವವ. ಇಲ್ಲಿ ಕಳಿಸಿದವನದು ಒಂದೇ ಅಕ್ಷರದ ತಪ್ಪು, ನಾಯ್ಸ್ ತುಂಬಿದ್ದು ನಮ್ಮ ರಿಸೀವರ್‌ನಲ್ಲಿ. ಭತ್ತದ ಚಿಂತೆಯವರಿಗೆ ಭತ್ತ ಕೇಳಿಸಿತ್ತು, ಉಣ್ಣಿಸುವ ಚಿಂತೆಯವರಿಗೆ ಬತ್ತಾಸು.

ಪರೀಕ್ಷೆ ಮುಗಿದ ರಾತ್ರಿ ಫೋನಿನಲ್ಲಿ ಅಕ್ಕನಿಗೆ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಆಕೆ ಮಾತಾಡಲಿಲ್ಲ. ಆಮೇಲೆ ಅಂದಳು: ‘ಮೊದಲನೇ ದಿನಾನ ಗೊತ್ತಾಗಿತ್ತೋ ತಮ್ಮ. ನನ್ನ ಮಗನ ಮಾತು ನನಗ ತಿಳಿಯಂಗಿಲ್ಲೇನು? ಬಸ್ ಅಂತ ಕೇಳಿಸ್ತು ಅಂದಿದ್ರ ಅವತ್ತೇ ಬಸ್ ಹತ್ತತಿದ್ದೆ. ಅದಕ್ಕ ಬಂತೇನೋ ಅಂತ ಕೇಳಕೋಂತ ಕುಂತೆ.’

ಫಲಿತಾಂಶ ಇನ್ನೂ ಬಂದಿಲ್ಲ. ಚಿನ್ನು ಈಗ ಲಿಂಗಸುಗೂರಿನಲ್ಲಿ ಅಮ್ಮನ ಸೆರಗು ಹಿಡಿದು ಓಡಾಡುತ್ತಿದ್ದಾನೆ. ಅವನಿಗೆ ಸ ಬಂದಿದೆ, ‘ಬಸ್ಸು’ ಎಂದು ಸ್ಪಷ್ಟವಾಗಿ ಅನ್ನುತ್ತಾನೆ. ಆದರೆ ನಮ್ಮ ಮನೆಯಲ್ಲಿ ಆ ಶಬ್ದ ಕೆಟ್ಟೇ ಹೋಗಿದೆ. ಮೊನ್ನೆ ನಾನು ಹಾಸ್ಟೆಲ್‌ಗೆ ಹೊರಟಾಗ ಅಪ್ಪ ಗಡಿಯಾರ ನೋಡಿ ಕೂಗಿದರು: ‘ಲಗೂನ ಹೋಗಲೇ, ರಾಯಚೂರು ಬತ್ ತಪ್ಪತೈತಿ!’