ಹಿಮಗೂಬೆಯನ್ನು ಅರಸಿ



ನಮ್ಮ ನುಡಿಯಲ್ಲಿ ‘ಗೂಬೆ’ ಎಂಬುದು ಬೈಗುಳ. ತಪ್ಪನ್ನು ಮತ್ತೊಬ್ಬರ ಮೇಲೆ ಹೊರಿಸುವುದನ್ನು ‘ಗೂಬೆ ಕೂರಿಸುವುದು’ ಎನ್ನುತ್ತೇವೆ. ಹೀಗಿರುವಾಗ, ಜನವರಿಯ ಕೊರೆಯುವ ಚಳಿಯಲ್ಲಿ ಮಕ್ಕಳನ್ನು ಎಬ್ಬಿಸಿಕೊಂಡು ನಾವು ಕೆಲವು ಕುಟುಂಬಗಳವರು ಗೂಬೆಯನ್ನೇ ಅರಸಿ ಹೊರಟಾಗ, ಊರಿನಿಂದ ಬಂದಿದ್ದ ಅಜ್ಜಿಯೊಬ್ಬರು “ನೋಡಲು ಬೇರೆ ಹಕ್ಕಿ ಇರಲಿಲ್ಲವೇ?” ಎಂದು ಕೇಳಿದ್ದು ಸಹಜವೇ ಆಗಿತ್ತು.

ನಾವು ತೆರಳಿದುದು ಬಾಸ್ಟನ್ನಿನ ಉತ್ತರಕ್ಕೆ, ನ್ಯೂಬರಿಪೋರ್ಟ್ ಪಟ್ಟಣದ ಬಳಿಯ ಪ್ಲಮ್ ದ್ವೀಪಕ್ಕೆ. ಅದರ ಬಹುಭಾಗ ಪಾರ್ಕರ್ ರಿವರ್ ರಾಷ್ಟ್ರೀಯ ವನ್ಯಜೀವಿಧಾಮಕ್ಕೆ ಸೇರಿದೆ. ಒಂದು ಕಡೆ ಅಟ್ಲಾಂಟಿಕ್ ಸಾಗರದ ಮರಳದಿಬ್ಬಗಳು, ಇನ್ನೊಂದು ಕಡೆ ಉಪ್ಪುನೀರಿನ ಜೌಗು. ಈ ತೆರೆದ ಬಯಲು ಹಿಮಗೂಬೆಯ ತವರಾದ ಆರ್ಕ್ಟಿಕ್ ಟಂಡ್ರಾವನ್ನು ಹೋಲುತ್ತದೆ. ವಿಮಾನ ನಿಲ್ದಾಣಗಳಿಗೂ ಅದು ಬರುವುದು ಇದೇ ಕಾರಣದಿಂದ. ಬಾಸ್ಟನ್ನಿನ ಲೋಗನ್ ನಿಲ್ದಾಣದಲ್ಲಿ ನಾರ್ಮನ್ ಸ್ಮಿತ್ ಎಂಬ ಪಕ್ಷಿತಜ್ಞರು 1981ರಿಂದ ಮೊದಲ್ಗೊಂಡು ದಶಕಗಳ ಕಾಲ ಇಂಥ ಗೂಬೆಗಳನ್ನು ಹಿಡಿದು, ಕಾಲಿಗೆ ಉಂಗುರ ತೊಡಿಸಿ, ಸುರಕ್ಷಿತ ತಾಣಗಳಲ್ಲಿ ಬಿಟ್ಟಿದ್ದಾರೆ.

ಇದನ್ನು ಪತ್ತೆಹಚ್ಚುವುದು ಸುಲಭವಲ್ಲ. ಹಿಮದ ಮೇಲೆ ಬಿಳಿಯ ಹಕ್ಕಿ. ಚಳಿಗಾಲದ ಹಗಲನ್ನು ಬಹುಮಟ್ಟಿಗೆ ಕದಲದೆ ಕಳೆದು, ಮುಸ್ಸಂಜೆಯ ನಂತರ ಬೇಟೆಗೆ ಹೊರಡುತ್ತದೆ. ಮೂರು ಗಂಟೆಗಳ ಕಾಲ ನಮ್ಮ ದುರ್ಬೀನಿಗೆ ಸಿಕ್ಕ ಗೂಬೆಗಳೆಲ್ಲ ಹಿಮದ ಗಡ್ಡೆಗಳೇ ಆದವು. ಬೆರಳುಗಳು ಮರಗಟ್ಟಿ, ಫ್ಲಾಸ್ಕಿನ ಕಾಫಿಯೂ ತೀರಿ, ಹಿಂದಿರುಗುವ ಮಾತು ಬಂದಾಗ ನಮ್ಮಲ್ಲಿ ಅತಿ ಕಿರಿಯಳು “ಆ ಗಡ್ಡೆ ತಲೆ ತಿರುಗಿಸಿತು” ಎಂದಳು. ದೂರದ ದಿಬ್ಬದ ಮೇಲೆ ಕಪ್ಪು ಪಟ್ಟೆಗಳಿದ್ದ ಬಿಳಿಯ ಮೈ, ಹಳದಿ ಕಣ್ಣು! ವಯಸ್ಕ ಗಂಡು ಬಹುತೇಕ ಅಚ್ಚಬಿಳಿಯಾಗಿರುತ್ತದೆ. ಹೆಣ್ಣಿಗೂ ಎಳೆಯ ಹಕ್ಕಿಗೂ ಪಟ್ಟೆಗಳು ಹೆಚ್ಚು. ಉತ್ತರ ಅಮೆರಿಕದ ಗೂಬೆಗಳಲ್ಲಿ ಇದರ ತೂಕವೇ ಅಧಿಕ. ರೆಕ್ಕೆ ಚಾಚಿದರೆ ಸುಮಾರು 5 ಅಡಿ.

“ಪಾಪ, ಊಟವಿಲ್ಲದೆ ಇಲ್ಲಿಗೆ ಬಂದಿದೆಯೇ?” ಎಂದು ಮಕ್ಕಳು ಕೇಳಿದರು. ಬಹುಕಾಲ ಹಿರಿಯರೂ ಹಾಗೆಯೇ ನಂಬಿದ್ದರು. ವಾಸ್ತವ ಇದಕ್ಕೆ ವಿರುದ್ಧ. ಈ ಗೂಬೆಯ ಮುಖ್ಯ ಆಹಾರ ಲೆಮ್ಮಿಂಗ್ ಎಂಬ ಇಲಿಯಂಥ ಪ್ರಾಣಿ. ಅದರ ಸಂಖ್ಯೆ ಕೆಲವು ವರ್ಷಗಳಿಗೊಮ್ಮೆ ಉಕ್ಕೇರಿ ಮತ್ತೆ ಇಳಿಯುತ್ತದೆ. ಉಕ್ಕೇರಿದ ಬೇಸಿಗೆಯಲ್ಲಿ ಗೂಬೆಗಳು ಹೆಚ್ಚು ಮರಿ ಮಾಡುತ್ತವೆ; ಆ ಮರಿಗಳೇ ಚಳಿಗಾಲದಲ್ಲಿ ದಕ್ಷಿಣಕ್ಕೆ ಹರಡುತ್ತವೆ. 2013ರ ಬೇಸಿಗೆಯಲ್ಲಿ ಉತ್ತರ ಕ್ವಿಬೆಕ್‌ನಲ್ಲಿ ಹೀಗೆಯೇ ಆಯಿತು. ಆ ಚಳಿಗಾಲ ಹಿಮಗೂಬೆಗಳು ಫ್ಲಾರಿಡಾದವರೆಗೂ ಬಂದವು. ಆಗ ಆರಂಭವಾದ ‘ಪ್ರಾಜೆಕ್ಟ್ ಸ್ನೋಸ್ಟಾರ್ಮ್’ ಯೋಜನೆಯವರು ಹಿಡಿದು ತೂಗಿದ ಗೂಬೆಗಳಲ್ಲಿ ಹೆಚ್ಚಿನವು ಪುಷ್ಟವಾಗಿಯೇ ಇದ್ದವು. ಬರಗಾಲವಲ್ಲ, ಸುಭಿಕ್ಷವೇ ಅವನ್ನು ಕಳುಹಿಸಿತ್ತು.

ಆದರೂ ಈ ಹಕ್ಕಿ ನಿಶ್ಚಿಂತವಾಗಿಲ್ಲ. 2017ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಇದನ್ನು ಅಪಾಯಕ್ಕೆ ಈಡಾಗಬಲ್ಲ ಪ್ರಭೇದಗಳ ಸಾಲಿಗೆ ಸೇರಿಸಿತು. ಲೆಮ್ಮಿಂಗ್‌ಗಳು ಹಿಮದ ಹೊದಿಕೆಯ ಅಡಿಯಲ್ಲಿ ಚಳಿಗಾಲ ಕಳೆಯುತ್ತವೆ; ಹವೆ ಬೆಚ್ಚಗಾಗಿ ಆ ಹೊದಿಕೆ ಕೆಟ್ಟರೆ ಗೂಬೆಯ ಅನ್ನವೇ ತಪ್ಪುತ್ತದೆ. ನಮ್ಮ ತೀರಗಳಿಗೆ ಬಂದ ಮೇಲೆ ವಾಹನಗಳ ಡಿಕ್ಕಿ, ಇಲಿಪಾಷಾಣ ಇವುಗಳ ಭಯ ಬೇರೆ. ಇವುಗಳ ಜೊತೆಗೆ, ಛಾಯಾಚಿತ್ರದ ಆಸೆಯಿಂದ ಸಮೀಪಿಸುವ ನಾವು ನೀವು.

ವಿಶ್ರಮಿಸುತ್ತಿರುವ ಗೂಬೆಯ ಕಣ್ಣು ಅರೆಮುಚ್ಚಿರುತ್ತದೆ. ಅದು ನೆಟ್ಟಗೆ ಕುಳಿತು ಕಣ್ಣರಳಿಸಿ ನಮ್ಮನ್ನೇ ದಿಟ್ಟಿಸಿದರೆ, ನಾವು ಮಿತಿ ಮೀರಿದೆವೆಂದೇ ಅರ್ಥ. ಕೂಡಲೇ ಹಿಂದೆ ಸರಿಯಬೇಕು. ಹಾರಿಸಿದರೆ ಅದರ ಶಕ್ತಿ ವ್ಯರ್ಥ, ಕಾಗೆಗಳ ಕಾಟವೂ ತಪ್ಪದು. ಆ ದಿನ ನಾವು ರಸ್ತೆಯನ್ನು ಬಿಟ್ಟು ಇಳಿಯಲಿಲ್ಲ. ನಮ್ಮ ಚಿತ್ರದಲ್ಲಿ ಗೂಬೆ ಸಾಸಿವೆಯಷ್ಟೇ ಕಾಣುತ್ತದೆ. ಆದರೆ ನಾವು ಹೊರಟಾಗಲೂ ಅದು ಅರೆಗಣ್ಣು ಮುಚ್ಚಿ ಅಲ್ಲಿಯೇ ಕುಳಿತಿತ್ತು. ಮನೆಯಲ್ಲಿ ಅಜ್ಜಿ ಆ ಸಾಸಿವೆಯನ್ನು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಅಪಶಕುನದ ಮಾತು ಬರಲಿಲ್ಲ.

ಮುಂದಿನ ಚಳಿಗಾಲ ತಾವೂ ಮಕ್ಕಳೊಡನೆ ಹೋಗಿಬನ್ನಿ.